ಬಿಎಸ್ಸಿ ಆದ್ಮೇಲೆ ಏನು? ಸಿ.ಎನ್.ಆರ್. ರಾವ್ ನಡೆದ ದಾರಿ ನೋಡಿ

ದೋಣಿಮಲೈ: ಮಗಳು ಬಿಎಸ್ಸಿ ಕೆಮಿಸ್ಟ್ರಿ ಓದ್ತಿದಾಳೆ ಅಂದ್ರೆ ನಮ್ಮ ಕಡೆ ಅಂಗಡಿ ಮುಂದೆ ಬರೋ ಮೊದಲ ಪ್ರಶ್ನೆ, 'ಮುಂದೆ ಏನ್ ಕೆಲಸ ಸಿಗುತ್ತೆ?' ಸಂಶೋಧನೆಯೂ ಒಂದು ಕೆಲಸವೇ. ಅದರ ದಾರಿ ಹೇಗಿರುತ್ತೆ ಅನ್ನೋದಕ್ಕೆ ಭಾರತರತ್ನ ಸಿ.ಎನ್.ಆರ್. ರಾವ್ ಅವರ ಬದುಕೇ ಉದಾಹರಣೆ.

1934ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರಾವ್, 1951ರಲ್ಲಿ ಮೈಸೂರು ವಿವಿಯಿಂದ ಬಿಎಸ್ಸಿ, 1953ರಲ್ಲಿ ಬನಾರಸ್‌ನಲ್ಲಿ ಎಂಎಸ್ಸಿ, 1958ರಲ್ಲಿ ಅಮೆರಿಕದ ಪರ್ಡ್ಯೂ ವಿವಿಯಲ್ಲಿ ಪಿಎಚ್‌ಡಿ ಮುಗಿಸಿದರು. 1959ರಲ್ಲಿ ಬೆಂಗಳೂರಿನ ಐಐಎಸ್ಸಿಯಲ್ಲಿ ಲೆಕ್ಚರರ್ ಆದರು. 1963ರಲ್ಲಿ ಕಾನ್ಪುರ ಐಐಟಿಗೆ ಹೋಗಿ, 1976ರಲ್ಲಿ ಐಐಎಸ್ಸಿಗೆ ವಾಪಸ್ ಬಂದರು. 1984ರಿಂದ 1994ರವರೆಗೆ ಅದರ ನಿರ್ದೇಶಕರಾಗಿದ್ದರು. 1989ರಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರ ಕಟ್ಟಿದರು. 2014ರಲ್ಲಿ ಭಾರತರತ್ನ ಸ್ವೀಕರಿಸಿದರು.

ಅವರು ಕೆಲಸ ಮಾಡಿದ್ದು ಯಾವುದರ ಮೇಲೆ? ಲೋಹದ ಆಕ್ಸೈಡ್‌ಗಳು, ಆಮೇಲೆ ನ್ಯಾನೋ ವಸ್ತುಗಳು. ನಮ್ಮ ಗುಡ್ಡದ ಅದಿರು ಕಬ್ಬಿಣದ ಆಕ್ಸೈಡೇ. ಸಂಡೂರಿನ ಮ್ಯಾಂಗನೀಸ್ ಇದೆಯಲ್ಲ, ಅದೇ ಲೋಹದ ಆಕ್ಸೈಡ್‌ಗಳ ಕಾಂತ ಗುಣದ ಬಗ್ಗೆಯೂ ಅವರು ಸಂಶೋಧನೆ ಮಾಡಿದ್ದಾರೆ. ನಾವು ಲಾರಿ ಲೆಕ್ಕದಲ್ಲಿ ನೋಡೋದನ್ನ ಅವರು ಅಣುವಿನ ಲೆಕ್ಕದಲ್ಲಿ ನೋಡಿದರು.

ನ್ಯಾನೋ ಅಂದ್ರೆ? ಒಂದು ಮಿಲಿಮೀಟರನ್ನು 10 ಲಕ್ಷ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೋಮೀಟರ್. ಅಷ್ಟು ಸಣ್ಣದಾದಾಗ ವಸ್ತುವಿನ ಗುಣವೇ ಬದಲಾಗುತ್ತೆ. ನೀರಿನಲ್ಲಿ ತೇಲುವ ಚಿನ್ನದ ನ್ಯಾನೋ ಕಣಗಳು ಹಳದಿ ಅಲ್ಲ, ಕೆಂಪಗೆ ಕಾಣುತ್ತವೆ.

ಈಗ ದುಡ್ಡಿನ ಮಾತು. ಬಿಎಸ್ಸಿ, ಎಂಎಸ್ಸಿ ಸೇರಿ ಐದು ವರ್ಷ, ಪಿಎಚ್‌ಡಿ ಇನ್ನೂ ಸುಮಾರು ಐದು ವರ್ಷ. ಕಾಯಂ ಕೆಲಸ ಸಿಗೋ ಹೊತ್ತಿಗೆ ವಯಸ್ಸು ಮೂವತ್ತು ದಾಟಬಹುದು, ಸಿಕ್ಕೇ ಸಿಗುತ್ತೆ ಅಂತ ಗ್ಯಾರಂಟಿಯೂ ಇಲ್ಲ. ಆದ್ರೆ ಪಿಎಚ್‌ಡಿ ಖರ್ಚು ಪೂರ್ತಿ ಅಪ್ಪನ ಗಲ್ಲಾದಿಂದಲೇ ಹೋಗಬೇಕಿಲ್ಲ. ಸಿಎಸ್ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಪಡೆದು ಪಿಎಚ್‌ಡಿಗೆ ಸೇರಿದರೆ, 2023ರ ಪರಿಷ್ಕೃತ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂ., ನಂತರ 42,000 ರೂ. ಫೆಲೋಶಿಪ್ ಇದೆ. ಜಕ್ಕೂರಿನ ಕೇಂದ್ರದಲ್ಲಿ ಬಿಎಸ್ಸಿ ಆದವರಿಗೆ ಎಂಎಸ್ಸಿ, ಪಿಎಚ್‌ಡಿ ಒಟ್ಟಿಗೆ ಮಾಡುವ ಕೋರ್ಸೂ ಇದೆ.

ನಾನು ಡಿಗ್ರಿ ಅರ್ಧಕ್ಕೆ ಬಿಟ್ಟವನು. ಬಿಡುವಾಗ ಈ ಲೆಕ್ಕ ನನಗೂ ಗೊತ್ತಿರಲಿಲ್ಲ, ಮನೆಯವರಿಗೂ ಗೊತ್ತಿರಲಿಲ್ಲ. ನಿಮ್ಮ ಮನೆಯಲ್ಲಿ ಬಿಎಸ್ಸಿ ಓದೋ ಮಕ್ಕಳಿದ್ದರೆ, ಓದು ಬಿಡಿಸೋ ಮುಂಚೆ ಒಮ್ಮೆ ಈ ಲೆಕ್ಕ ಹಾಕಿ ನೋಡಿ.