ಮುಷ್ಟಿಯೊಳಗಿನ ಬಟ್ಟೆ ಚೂರು

ಮೆಜೆಸ್ಟಿಕ್ಕಿನ ಫುಟ್‌ಪಾತ್ ಮೇಲೆ ಹತ್ತು ವರ್ಷದ ಆಸುಪಾಸಿನ ಹುಡುಗನೊಬ್ಬ ಗೋಣಿಚೀಲ ಪಕ್ಕಕ್ಕಿಟ್ಟುಕೊಂಡು ಕೂತಿದ್ದ. ಬೆಳಗಿನ ಜಾವ. ಮುಷ್ಟಿಯನ್ನು ಬಾಯಿಗೆ ಒತ್ತಿಕೊಂಡಿದ್ದ. ಚಳಿಗೆ ಕೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಾನೆ ಅಂದುಕೊಂಡೆ. ಹತ್ತಿರ ಹೋದರೆ ಪಂಕ್ಚರ್ ಅಂಗಡಿಯ ವಾಸನೆ. ಬೆರಳ ಸಂದಿಯಲ್ಲಿ ಒದ್ದೆ ಬಟ್ಟೆಯ ಚೂರು, ತುಟಿಯ ಸುತ್ತ ಕೆಂಪಗೆ ಸುಲಿದ ಚರ್ಮ.

"ತಿಂಡಿ ತಿಂದ್ಯಾ ಮರಿ?"

"ಇದು ಎಳೆದ್ರೆ ಹಸಿವಾಗಲ್ಲ ಅಣ್ಣಾ."

ಅಷ್ಟರಲ್ಲಿ ಪಕ್ಕದ ಕಟ್ಟಡದ ಕಾವಲುಗಾರ ಕೋಲು ಹಿಡಿದು ಬಂದ. ಹುಡುಗ ಚೀಲ ಬಿಟ್ಟು ಓಡಿದ. ಕಾವಲುಗಾರ ತಿರುವಿನವರೆಗೂ ಅಟ್ಟಿಸಿಕೊಂಡು ಹೋದ. ನಾನು ನೋಡುತ್ತ ನಿಂತಿದ್ದೆ.

ಮಾದಕ ವ್ಯಸನವೆಂದರೆ ನಮ್ಮ ತಲೆಗೆ ಬರುವುದು ಗಾಂಜಾ, ಎಂಡಿಎಂಎ, ರೇವ್ ಪಾರ್ಟಿ. ಈ ಹುಡುಗನ ಕೈಯಲ್ಲಿದ್ದದ್ದು ಸೈಕಲ್ ಟ್ಯೂಬಿಗೆ ಪ್ಯಾಚ್ ಹಾಕುವ ಸಲ್ಯೂಷನ್. ಮಾದಕವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿ ಅದು ಇಲ್ಲ. ಹೀಗೆಯೇ ಎಳೆಯಲು ಬಳಕೆಯಾಗುತ್ತಿದ್ದ, ಬಾಟಲಿಯಲ್ಲಿ ಬರುತ್ತಿದ್ದ ವೈಟ್ನರ್, ಥಿನ್ನರ್‌ಗೆ 2012ರಲ್ಲಿ ಕೇಂದ್ರ ಸರ್ಕಾರ ತಡೆ ಹಾಕಿತು. ಆದರೆ ಪಂಕ್ಚರ್ ಅಂಗಡಿ ಮುಚ್ಚಿಸಲಾದೀತೇ? ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಹೊರತಂದ ಸಮೀಕ್ಷೆಯಲ್ಲಿ ನನ್ನನ್ನು ಕಲಕಿದ ಸಂಗತಿ ಒಂದಿದೆ. ದೊಡ್ಡವರಿಗಿಂತ ಮಕ್ಕಳಲ್ಲೇ ಪ್ರಮಾಣ ಹೆಚ್ಚಿರುವ ಅಮಲು ಹೀಗೆ ಆವಿ ಎಳೆಯುವುದೊಂದೇ. ಇದರಿಂದ ಹೊರಬರಲು ನೆರವು ಬೇಕಾದ ಮಕ್ಕಳು ದೇಶದಲ್ಲಿ ಸುಮಾರು 4.6 ಲಕ್ಷ.

ಇಂಥ ಅಂಟುಗಳಲ್ಲಿ ಹೆಚ್ಚಾಗಿ ಇರುವುದು ಟಾಲ್ವೀನ್ ಎಂಬ ದ್ರಾವಕ. ಉಸಿರಿನ ಜೊತೆ ಒಳಹೋದ ಆವಿ ಕೆಲವೇ ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. ಹಾಗಾಗಿ ಬಟ್ಟೆ ಮತ್ತೆ ಮತ್ತೆ ಮೂಗಿಗೆ. ಕೊಬ್ಬಿನಂಶ ಕರಗಿಸುವುದು ಅದರ ಗುಣ. ಮಿದುಳಿನ ನರತಂತುಗಳ ಹೊದಿಕೆಯೂ ಬಹುಪಾಲು ಕೊಬ್ಬಿನದೇ. ವರ್ಷಗಟ್ಟಲೆ ಎಳೆದವರ ಕೈ ನಡುಗುತ್ತದೆ, ನಡಿಗೆ ತೂರಾಡುತ್ತದೆ, ನೆನಪು ಕೈಕೊಡುತ್ತದೆ. ಮೂತ್ರಪಿಂಡ ಕೆಟ್ಟು ರಕ್ತದಲ್ಲಿ ಪೊಟ್ಯಾಸಿಯಂ ಕುಸಿದರೆ ಕಾಲು ಎತ್ತಲೂ ಆಗದು.

ಎಲ್ಲಕ್ಕಿಂತ ಭಯ ಹುಟ್ಟಿಸುವುದು ಹೃದಯದ ಸಂಗತಿ. ಆವಿ ಮೈಯಲ್ಲಿರುವಾಗ ಹೃದಯ ಅಡ್ರಿನಾಲಿನ್‌ಗೆ ಅತಿಯಾಗಿ ಸ್ಪಂದಿಸುತ್ತದೆ. ಆಗ ಬೆಚ್ಚಿಬಿದ್ದರೆ, ಜೀವ ಕೈಯಲ್ಲಿ ಹಿಡಿದು ಓಡಿದರೆ ಬಡಿತ ತಾಳ ತಪ್ಪಿ ಅಲ್ಲೇ ನಿಂತುಹೋಗಬಹುದು. ಮೊದಲ ಸಲ ಎಳೆದವನಿಗೂ ಹೀಗಾಗಬಹುದು. ಇದನ್ನು ಓದಿದ ದಿನ ನನಗೆ ಆ ಕಾವಲುಗಾರನ ಕೋಲು, ಹುಡುಗನ ಓಟ ಕಣ್ಣಿಗೆ ಕಟ್ಟಿದವು. ಗದರಿಸಿ ಅಟ್ಟುವುದನ್ನೇ ನಾವು ಶಿಸ್ತು ಅಂದುಕೊಂಡಿದ್ದೇವೆ.

ಹೆರಾಯಿನ್ ಬಿಡಿಸಲು ಬುಪ್ರೆನಾರ್ಫಿನ್ ಮಾತ್ರೆ ಇದೆ. ಸಲ್ಯೂಷನ್‌ಗೆ ಅಂಥ ಮಾತ್ರೆ ಇಲ್ಲ. ಹೊಟ್ಟೆಗೆ ಊಟ, ಮಲಗಲು ಭಯವಿಲ್ಲದ ಜಾಗ, ಶಾಲೆ, ತಿಂಗಳುಗಟ್ಟಲೆ ಕೈಬಿಡದ ಆಪ್ತಸಲಹೆ ಬೇಕು. ಬೇಗ ಬಿಟ್ಟರೆ ಆದ ಹಾನಿಯಲ್ಲಿ ಎಷ್ಟೋ ಪಾಲು ಸುಧಾರಿಸುತ್ತದೆ; ಮಕ್ಕಳ ವಿಷಯದಲ್ಲಿ ಒಂದೊಂದು ತಿಂಗಳೂ ಲೆಕ್ಕಕ್ಕೆ ಬರುವುದು ಅದಕ್ಕೇ. ಹೆಚ್ಚಿನ ಮಕ್ಕಳು ಇದಕ್ಕೆ ಬೀಳುವುದು ಮೋಜಿಗಲ್ಲ. ಹಸಿವಿಗೆ, ಚಳಿಗೆ, ಮನೆಯಲ್ಲಿ ತಿಂದ ಪೆಟ್ಟಿಗೆ ಅವರಿಗೆ ಸುಲಭದಲ್ಲಿ ಸಿಕ್ಕ ಔಷಧಿ ಇದು.

ಇಂಥ ಮಗು ಕಂಡರೆ ಬಟ್ಟೆ ಕಿತ್ತುಕೊಳ್ಳಲು ಹೋಗಬೇಡಿ, ದನಿ ಎತ್ತಬೇಡಿ. ಗಾಳಿ ಆಡುವ ಕಡೆ ಕೂರಿಸಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಅಮಲು ಇಳಿದ ಮೇಲೆ ಎರಡು ಇಡ್ಲಿ ಕೊಡಿಸಿ. ಸಹಾಯವಾಣಿಯವರು ಬರುವವರೆಗೂ ಆ ಮಗುವಿನ ಪಕ್ಕದಲ್ಲೇ ಕೂತಿರಿ.