ಅಂಕಿಯ ಹಿಂದೆ ಇರುವ ಮಗು

ಗಣಿತವನ್ನು ಕಲಿಯುವುದು ಪರೀಕ್ಷೆಯಲ್ಲಿ ಅಂಕಗಳನ್ನು ಪಡೆಯುವುದಕ್ಕಾಗಿಯೇ ಎಂದು ಅನೇಕ ವಿದ್ಯಾರ್ಥಿಗಳು ಭಾವಿಸುವುದುಂಟು. ಸರಾಸರಿ, ಶೇಕಡಾವಾರು, ಸಂಭವನೀಯತೆ ಮುಂತಾದ ಪಾಠಗಳು ಮುಂದೆ ಯಾರ ಉಪಯೋಗಕ್ಕೆ ಬಂದಾವು ಎಂದು ಕೇಳುವವರೂ ಇದ್ದಾರೆ. ಈ ಪ್ರಶ್ನೆಗೆ ಅಮೆರಿಕದ ಶಿಕಾಗೊ ನಗರದಲ್ಲಿ ನಡೆದ ಒಂದು ಕಾರ್ಯವು ತಕ್ಕ ಉತ್ತರವನ್ನು ಕೊಡುತ್ತದೆ.

ಸರಕಾರವಾಗಲಿ ನಗರಸಭೆಯಾಗಲಿ ತನ್ನ ಹಣವನ್ನೂ ನೌಕರರನ್ನೂ ಯಾರಿಗಾಗಿ, ಯಾವ ಕ್ರಮದಲ್ಲಿ ವಿನಿಯೋಗಿಸಬೇಕೆಂದು ಗೊತ್ತುಮಾಡುವುದೇ ಸಾರ್ವಜನಿಕ ನೀತಿ. ಅಪಾರವಾದ ದಾಖಲೆಗಳನ್ನು ಗಣಕಯಂತ್ರದ ಸಹಾಯದಿಂದ ಒಂದುಗೂಡಿಸಿ, ಅವುಗಳಲ್ಲಿ ಅಡಗಿರುವ ಸಂಬಂಧಗಳನ್ನು ಹುಡುಕುವ ಶಾಸ್ತ್ರಕ್ಕೆ ದತ್ತಾಂಶ ವಿಜ್ಞಾನವೆಂದು ಹೆಸರು. ಇವೆರಡನ್ನೂ ಜೊತೆಗೂಡಿಸಿ ವಿದ್ಯಾರ್ಥಿಗಳಿಗೆ ಬೇಸಿಗೆಯ ತಿಂಗಳುಗಳಲ್ಲಿ ತರಬೇತಿ ಕೊಡುವ ಯೋಜನೆಯೊಂದನ್ನು 2013ರಲ್ಲಿ ಶಿಕಾಗೊ ವಿಶ್ವವಿದ್ಯಾಲಯವು ಆರಂಭಿಸಿತು. ಅನುಭವಿಗಳ ಮಾರ್ಗದರ್ಶನದಲ್ಲಿ, ಸಾರ್ವಜನಿಕ ಸಂಸ್ಥೆಗಳ ನಿಜವಾದ ಸಮಸ್ಯೆಗಳನ್ನೇ ಅವರು ಬಿಡಿಸಬೇಕಾಗಿತ್ತು. ಅವುಗಳಲ್ಲಿ ಒಂದು, ಮಕ್ಕಳಿಗೆ ತಗಲುವ ಸೀಸದ ವಿಷ.

ಹಿಂದೆ ಮನೆಗಳ ಗೋಡೆಗೂ ಕಿಟಕಿಗೂ ಹಚ್ಚುತ್ತಿದ್ದ ಬಣ್ಣದಲ್ಲಿ ಸೀಸವನ್ನು ಬೆರೆಸುತ್ತಿದ್ದರು. ಅಮೆರಿಕದಲ್ಲಿ 1978ರಲ್ಲಿ ಅದನ್ನು ನಿಷೇಧಿಸಿದರೂ ಹಳೆಯ ಮನೆಗಳಲ್ಲಿ ಹಳೆಯ ಬಣ್ಣ ಉಳಿದೇ ಇತ್ತು. ಆ ಬಣ್ಣವು ಕಾಲಕ್ರಮದಲ್ಲಿ ಹಕ್ಕಳೆಯಾಗಿ ಉದುರುತ್ತದೆ, ಧೂಳಾಗುತ್ತದೆ. ಅಂಬೆಗಾಲಿಡುವ ಕೂಸು ನೆಲದ ಧೂಳು ಮೆತ್ತಿದ ಕೈಯನ್ನು ಬಾಯಿಗಿಡುತ್ತದೆ. ಹೀಗೆ ದೇಹವನ್ನು ಸೇರಿದ ಸೀಸವು ಬೆಳೆಯುತ್ತಿರುವ ಮಿದುಳನ್ನು ಕೆಡಿಸುತ್ತದೆ. ಆ ಕೇಡನ್ನು ಪೂರ್ತಿಯಾಗಿ ಸರಿಪಡಿಸುವ ಔಷಧವಿಲ್ಲ. ಆದರೂ ಸಾಮಾನ್ಯವಾಗಿ, ಮಗುವಿನ ರಕ್ತದಲ್ಲಿ ಸೀಸ ಕಂಡುಬಂದ ಮೇಲೆಯೇ ಪರೀಕ್ಷಕರು ಆ ಮನೆಗೆ ಹೋಗುತ್ತಿದ್ದರು. ಎಂದರೆ, ಮನೆಯ ದೋಷವನ್ನು ಕಂಡುಹಿಡಿಯಲು ಮಗುವಿನ ದೇಹವೇ ಸಾಧನವಾಗಿತ್ತು! ವಿಷ ತಗಲುವ ಮೊದಲೇ ಅಪಾಯದ ಮನೆಯನ್ನು ಗುರುತಿಸಬಹುದೇ ಎಂಬುದೇ ವಿದ್ಯಾರ್ಥಿಗಳ ಮುಂದಿದ್ದ ಪ್ರಶ್ನೆ.

ನಗರದ ಆರೋಗ್ಯ ಇಲಾಖೆಯಲ್ಲಿ ರಕ್ತಪರೀಕ್ಷೆಗಳ ಮತ್ತು ಮನೆಗಳ ತಪಾಸಣೆಯ ಅನೇಕ ವರ್ಷಗಳ ದಾಖಲೆಗಳಿದ್ದವು. ಕಟ್ಟಡಗಳ ವಯಸ್ಸು ಮತ್ತು ಸ್ಥಿತಿ, ಜನಗಣತಿಯ ವಿವರ ಇವೂ ಬೇರೆ ಬೇರೆ ಕಡೆಗಳಲ್ಲಿ ದೊರೆಯುತ್ತಿದ್ದವು. ಇಂತಹವನ್ನು ಜೋಡಿಸುವ ಕೆಲಸ ಕೇಳಲು ಸುಲಭ, ಮಾಡಲು ಕಠಿನ. ನಮ್ಮ ನಗರಗಳ ಕನ್ನಡ ಮಕ್ಕಳನ್ನೇ ನೋಡಿರಿ. ಶಾಲೆಯ ಪುಸ್ತಕದಲ್ಲಿ ಊರಿನ ಹೆಸರು ಸೇರಿರುತ್ತದೆ, ಜನನಪತ್ರದಲ್ಲಿ ತಂದೆಯ ಹೆಸರು, ಪಡಿತರ ಚೀಟಿಯಲ್ಲಿ ಮನೆತನದ ಹೆಸರು. ಕಾಗುಣಿತವಂತೂ ಬರೆದವರ ಭಾಷೆಯನ್ನು ಅನುಸರಿಸುತ್ತದೆ. ಮೂರೂ ಹೆಸರು ಒಂದೇ ಮಗುವಿನದೆಂದು ಯಂತ್ರಕ್ಕೆ ತಾನಾಗಿ ತಿಳಿಯದು. ದತ್ತಾಂಶದ ಕೆಲಸದಲ್ಲಿ ಹೆಚ್ಚಿನ ಕಾಲವು ಹೀಗೆ ದಾಖಲೆಗಳನ್ನು ಹಸನುಮಾಡುವುದರಲ್ಲಿಯೇ ಕಳೆಯುತ್ತದೆ.

ಅನಂತರದ ಹಂತ ಮುನ್ಸೂಚನೆ. ಕಟ್ಟಡ ಎಷ್ಟು ಹಳೆಯದು, ಅಲ್ಲಿ ಹಿಂದೆ ಬೇರೆ ಮಗುವಿಗೆ ವಿಷ ತಗಲಿತ್ತೇ, ನೆರೆಹೊರೆ ಎಂತಹುದು ಎಂಬ ಸಂಗತಿಗಳನ್ನು ತೂಗಿ, ಯಂತ್ರವು ಪ್ರತಿಯೊಂದು ಮಗುವಿನ ಅಪಾಯವನ್ನು ಅಂದಾಜು ಮಾಡುತ್ತದೆ. ಈ ಅಂದಾಜನ್ನು ನಂಬುವುದು ಹೇಗೆ? ಹಿಂದಿನ ವರ್ಷಗಳ ದಾಖಲೆಯನ್ನು ಮಾತ್ರ ಯಂತ್ರಕ್ಕೆ ಕೊಟ್ಟು, ಮುಂದಿನ ವರ್ಷದ ಫಲವನ್ನು ಮುಚ್ಚಿಡುತ್ತಾರೆ. ಅದು ಹೇಳಿದ್ದನ್ನು ಬಳಿಕ ನಿಜವಾಗಿ ನಡೆದುದರೊಡನೆ ಹೋಲಿಸುತ್ತಾರೆ. ಪರೀಕ್ಷೆಗೆ ಮೊದಲು ಉತ್ತರವನ್ನು ನೋಡಬಾರದೆಂಬ ನಿಯಮ ಯಂತ್ರಕ್ಕೂ ಉಂಟು! ಪರೀಕ್ಷಕರ ಸಂಖ್ಯೆ ಮಿತವಾಗಿರುವಲ್ಲಿ, ಮೊದಲು ಯಾವ ಮನೆಗೆ ಹೋಗಬೇಕೆಂಬುದಕ್ಕೆ ಇಂತಹ ಪಟ್ಟಿ ದಾರಿ ತೋರಿಸಬಲ್ಲದು. ಈ ಸಂಶೋಧನೆಯ ಪ್ರಬಂಧವು 2015ರಲ್ಲಿ ಪ್ರಕಟವಾಯಿತು.

ಇಷ್ಟಾದರೂ ಯಂತ್ರದ ಮಾತು ವೇದವಾಕ್ಯವಲ್ಲ. ಕೆಲವು ಬಡಾವಣೆಗಳ ಮಕ್ಕಳಿಗೆ ರಕ್ತಪರೀಕ್ಷೆಯೇ ಆಗಿರದಿದ್ದರೆ, ದಾಖಲೆಯಲ್ಲಿ ಅಲ್ಲಿ ರೋಗವಿಲ್ಲವೆಂಬಂತೆ ತೋರುತ್ತದೆ. ಬರೆಯದೆ ಬಿಟ್ಟ ಮನೆಯೂ ಸೊನ್ನೆ ಬರೆದ ಮನೆಯೂ ಒಂದೇ ಅಲ್ಲವೆಂಬುದನ್ನು ಮರೆತರೆ, ಹೆಚ್ಚು ಕಷ್ಟದಲ್ಲಿರುವವರೇ ಕಣ್ಣಿಗೆ ಬೀಳದೆ ಹೋದಾರು. ಮಕ್ಕಳ ಹೆಸರು, ವಿಳಾಸ, ಕಾಯಿಲೆಯ ವಿವರಗಳನ್ನು ಗುಟ್ಟಾಗಿ ಕಾಪಾಡುವುದೂ ಈ ಕೆಲಸ ಮಾಡುವವರ ಕರ್ತವ್ಯ.

ಈ ವಿದ್ಯೆ ನಮಗೆ ಹೊರಗಿನದೆಂದು ಹಿಂಜರಿಯಬೇಕಾದುದಿಲ್ಲ. ಪ್ರಶಾಂತಚಂದ್ರ ಮಹಾಲನೋಬಿಸರು 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿ 1941ರಲ್ಲಿ ತರಬೇತಿಗೆ ಸೇರಿದ ತರುಣರಲ್ಲಿ ಸಿ. ಆರ್. ರಾವ್ ಒಬ್ಬರು. ಅವರು 1920ರಲ್ಲಿ ಜನಿಸಿದ್ದು ಇಂದು ಕರ್ನಾಟಕದಲ್ಲಿರುವ ಹೂವಿನ ಹಡಗಲಿಯಲ್ಲಿ. ಅಂದು ತರಬೇತಿಗೆ ಬಂದವರೇ ಜಗತ್ತಿನ ಹಿರಿಯ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾಗಿ, 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿಯನ್ನು ಪಡೆದರು.

ವಿದ್ಯಾರ್ಥಿಗಳೇ, ಇಂತಹ ಕೆಲಸಕ್ಕೆ ಬೇಕಾದ ಮೊದಲ ಗುಣ ಯಂತ್ರಜ್ಞಾನವಲ್ಲ, ಇದ್ದುದನ್ನು ಇದ್ದಂತೆ ಬರೆಯುವ ಪ್ರಾಮಾಣಿಕತೆ. ಪ್ರಯೋಗಶಾಲೆಯ ಪುಸ್ತಕದಲ್ಲಿ ಬರಬೇಕಾದ ಉತ್ತರವನ್ನಲ್ಲ, ಬಂದ ಉತ್ತರವನ್ನೇ ಬರೆಯಿರಿ. ಜನಗಣತಿಯವರು ಮನೆಗೆ ಬಂದಾಗ ಹಿರಿಯರ ಪಕ್ಕದಲ್ಲಿ ಕುಳಿತು, ಮನೆಯ ಎಲ್ಲರ ಹೆಸರೂ ಬಂದಿತೇ, ಮಾತೃಭಾಷೆಯ ಎಡೆಯಲ್ಲಿ ಕನ್ನಡವೆಂದು ಬರೆಸಿದರೇ ಎಂದು ನೋಡಿರಿ. ಪರಸ್ಥಳದಲ್ಲಿರುವ ನಾವು ಲೆಕ್ಕಕ್ಕೆ ಸೇರದೆ ಹೋದರೆ, ನಮ್ಮ ಮಕ್ಕಳಿಗೆ ಏನು ಬೇಕೆಂಬುದು ನೀತಿಯನ್ನು ರೂಪಿಸುವವರಿಗೆ ತಿಳಿಯುವ ಬಗೆಯಾದರೂ ಹೇಗೆ?