ಹಳೆಯ ತೊಲೆ, ಹೊಸ ಮಣೆ

ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ನಳದುರ್ಗ ದಾಟಿ ಉಮರ್ಗಾ ಕಡೆಗೆ ಸಾಗಿದರೆ ಯೆಣೆಗೂರ ಸಿಗುತ್ತದೆ. ಮಹಾರಾಷ್ಟ್ರದ ಧಾರಾಶಿವ (ಹಿಂದಿನ ಉಸ್ಮಾನಾಬಾದ್) ಜಿಲ್ಲೆಯ ಈ ಗಡಿ ಸೀಮೆಯಲ್ಲಿ ಕನ್ನಡ, ಮರಾಠಿ ಎರಡೂ ಕಿವಿಗೆ ಬೀಳುತ್ತವೆ. ಇಲ್ಲಿಯ ಹಳೆಯ ಮನೆಗಳ ಕಟ್ಟಡವೂ ಗಡಿಯ ಎರಡೂ ಬದಿಗೆ ಹೆಚ್ಚುಕಡಿಮೆ ಒಂದೇ. ಹೊರಗೆ ಕಲ್ಲು ಮಣ್ಣಿನ ದಪ್ಪ ಗೋಡೆ. ಒಳಗೆ ಮರದ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಹಲಗೆ. ಎಲ್ಲಕ್ಕೂ ಮೇಲೆ ಮಣ್ಣಿನ ಮಾಳಿಗೆ.

ಇಂಥ ಮನೆ ಬಿಚ್ಚಿ ಸಿಮೆಂಟಿನ ಮನೆ ಕಟ್ಟುವಾಗ ದೊಡ್ಡ ತೊಲೆಗಳಿಗೆ ಹೇಗೋ ಗಿರಾಕಿ ಸಿಗುತ್ತಾರೆ. ಉಳಿದ ತುಂಡುಗಳು ಹಿತ್ತಲಲ್ಲಿ ಬಿದ್ದು ಗೆದ್ದಲಿಗೆ ಆಹಾರವಾಗುತ್ತವೆ ಇಲ್ಲವೇ ಒಲೆ ಸೇರುತ್ತವೆ. ಆ ತುಂಡುಗಳಿಂದಲೇ ಮನೆಗೆ ಬೇಕಾದ ನಾಲ್ಕು ಸಾಮಾನುಗಳನ್ನು ನಾವೇ ಮಾಡಿಕೊಳ್ಳಬಹುದು. ಹೆಚ್ಚು ಖರ್ಚಿಲ್ಲ, ಹಿಂದಿನ ಅನುಭವವೂ ಬೇಕಿಲ್ಲ.

ಭೂಕಂಪ ಕಲಿಸಿದ ಪಾಠ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಇನ್ನೂ ನಾಲ್ಕು ಗಂಟೆಯಾಗಿರಲಿಲ್ಲ, ಕಿಲ್ಲಾರಿಯ ಭೂಕಂಪ ಈ ಸೀಮೆಯನ್ನು ನಡುಗಿಸಿತು. ಲಾತೂರ್ ಮತ್ತು ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸಾವಿರಾರು ಜನ ಮಲಗಿದ್ದಲ್ಲೇ ಪ್ರಾಣ ಕಳೆದುಕೊಂಡರು. ಕೆಸರಿನಲ್ಲಿ ಕಟ್ಟಿದ ಕಲ್ಲಿನ ಗೋಡೆಗಳು ಎರಡು ಪದರಾಗಿ ಸೀಳಿ ಕುಸಿದವು. ವರ್ಷ ವರ್ಷವೂ ಹೊಸ ಮಣ್ಣು ಹಾಕಿ ಭಾರವಾಗಿದ್ದ ಮಾಳಿಗೆಗಳು ಜನರ ಮೇಲೆ ಬಿದ್ದವು.

ಆದರೆ ಪರಿಶೀಲನೆಗೆ ಬಂದ ಎಂಜಿನಿಯರುಗಳು ಮತ್ತೊಂದು ಸಂಗತಿಯನ್ನೂ ಗಮನಿಸಿದರು. ಗೋಡೆ ಬಿದ್ದ ಎಷ್ಟೋ ಮನೆಗಳಲ್ಲಿ ಮರದ ಕಂಬ ತೊಲೆಗಳ ಚೌಕಟ್ಟು ಹಾಗೆಯೇ ನಿಂತಿತ್ತು. ಮರ ಸ್ವಲ್ಪ ಬಾಗುತ್ತದೆ, ತೂಗುತ್ತದೆ, ಕಲ್ಲಿನಂತೆ ಒಮ್ಮೆಲೇ ಬಿಟ್ಟುಕೊಡುವುದಿಲ್ಲ. ಹಳೆಯ ಮನೆಗಳನ್ನು ಭದ್ರಪಡಿಸುವಾಗ ಕಂಬ ಮತ್ತು ತೊಲೆ ಸೇರುವ ಮೂಲೆಗೆ ಓರೆಯಾಗಿ ಒಂದು ಮರದ ಪಟ್ಟಿ ಹೊಡೆಯಿರಿ ಎಂದು ತಜ್ಞರು ಸಲಹೆ ಕೊಟ್ಟರು.

ಇದು ಮನೆಗೆ ಮಾತ್ರವಲ್ಲ, ಸಣ್ಣ ಸ್ಟೂಲಿಗೂ ಅನ್ವಯಿಸುತ್ತದೆ. ಮಕ್ಕಳಿಗೆ ಹೀಗೆ ತೋರಿಸಿ: ನಾಲ್ಕು ಕಡ್ಡಿಗಳನ್ನು ಮೂಲೆಗೊಂದೊಂದು ಮೊಳೆ ಹೊಡೆದು ಚೌಕ ಮಾಡಿ. ಒಂದು ಬದಿಯಿಂದ ತಳ್ಳಿದರೆ ಅದು ವಾಲುತ್ತದೆ. ಈಗ ಮೂಲೆಯಿಂದ ಮೂಲೆಗೆ ಐದನೆಯ ಕಡ್ಡಿಯನ್ನು ಓರೆಯಾಗಿ ಹೊಡೆಯಿರಿ. ಇನ್ನು ಎಷ್ಟು ತಳ್ಳಿದರೂ ವಾಲದು. ಕುರ್ಚಿ, ಕಪಾಟು ಅಲುಗಾಡುತ್ತಿದ್ದರೆ ಅದಕ್ಕೆ ಔಷಧ ಇದೇ.

ಮರ ಮತ್ತು ಸಲಕರಣೆ

ಹಳೆಯ ಮರ ಎಷ್ಟೋ ವರ್ಷ ಒಣಗಿರುವುದರಿಂದ ಹಸಿಮರದಂತೆ ಮುಂದೆ ಡೊಂಕಾಗುವುದು, ಬಿರಿಯುವುದು ಕಡಿಮೆ. ಸಾಗವಾನಿ ಸಿಕ್ಕರೆ ಅದೃಷ್ಟ. ಬೇವಿಗೆ ಹುಳು ಬೇಗ ಹತ್ತುವುದಿಲ್ಲ. ನೇಗಿಲು, ಗಾಡಿಗಳಿಗೆ ಬಳಸುವ ಜಾಲಿ ಬಹಳ ಗಟ್ಟಿ. ಹೊಸಬರ ಕೈಗೆ ಸ್ವಲ್ಪ ಕಷ್ಟ. ತುಂಡನ್ನು ಸುತ್ತಿಗೆಯಿಂದ ತಟ್ಟಿ ನೋಡಿ. ಖಣಖಣ ಎಂದರೆ ಒಳ್ಳೆಯದು, ಬದ್ದು ಸದ್ದು ಬಂದರೆ ಒಳಗೆ ಟೊಳ್ಳು. ಹಳೆಯ ಸ್ಪೀಕರಿನ ಅಯಸ್ಕಾಂತ ಆಡಿಸಿದರೆ ಒಳಗೆ ಅಡಗಿದ ಮೊಳೆ ಪತ್ತೆಯಾಗಿ ಗರಗಸದ ಹಲ್ಲು ಉಳಿಯುತ್ತದೆ. ಹಳೆಯ ಬಣ್ಣ ಬಳಿದ ಮರವನ್ನು ಮಾತ್ರ ಉಜ್ಜಬೇಡಿ. ಅದರಲ್ಲಿ ಸೀಸ ಇರಬಹುದು. ಆ ಧೂಳು ಮಕ್ಕಳಿಗೆ ವಿಷ.

ಬೇಕಾದ ಸಲಕರಣೆ ಇಷ್ಟೇ: ಕೈಗರಗಸ, ಸುತ್ತಿಗೆ, ಒಂದು ಉಳಿ, ಸ್ಕ್ರೂ ಡ್ರೈವರ್, ಮೂಲೆಮಟ್ಟ, ಅಳತೆ ಟೇಪು, ಪೆನ್ಸಿಲು, ಉಪ್ಪುಕಾಗದ. ತೂತು ಕೊರೆಯಲು ಮತ್ತು ದಪ್ಪ ತೊಲೆಯನ್ನು ಹಲಗೆಯಾಗಿ ಸೀಳಲು ಊರಿನ ಬಡಗಿಯ ನೆರವು ಪಡೆಯಿರಿ. ಅವರಿಗೆ ಕೂಲಿ ಕೊಟ್ಟು ಹತ್ತಿರ ನಿಂತು ನೋಡಿದರೆ ಅರ್ಧ ವಿದ್ಯೆ ಅಲ್ಲೇ ಬರುತ್ತದೆ.

1. ಕೂರುವ ಮಣೆ

16 ಇಂಚು ಉದ್ದ, 10 ಇಂಚು ಅಗಲ, 1 ಇಂಚು ದಪ್ಪದ ಹಲಗೆ ಒಂದು. ಕೆಳಗಿನ ಅಡ್ಡಪಟ್ಟಿಗೆ 9 ಇಂಚು ಉದ್ದ, 2 ಇಂಚು ಅಗಲ, ಒಂದೂಕಾಲು ಇಂಚು ದಪ್ಪದ ಎರಡು ತುಂಡು. ಪಟ್ಟಿಗಳನ್ನು ಹಲಗೆಯ ಎಳೆಗೆ ಅಡ್ಡವಾಗಿ, ಎರಡೂ ತುದಿಯಿಂದ ಎರಡೂವರೆ ಇಂಚು ಒಳಗೆ ಇಟ್ಟು, ಕೆಳಗಿನಿಂದ 2 ಇಂಚಿನ ಸ್ಕ್ರೂ ಮೂರು ಮೂರು ಹಾಕಿ. ಮರ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಆದ್ದರಿಂದ ಪಟ್ಟಿಯ ನಡುವಿನ ಸ್ಕ್ರೂ ಬಿಗಿಯಾಗಿರಲಿ, ಬದಿಯ ಎರಡು ಸ್ಕ್ರೂಗಳಿಗೆ ಪಟ್ಟಿಯಲ್ಲಿ ತೂತು ತುಸು ದೊಡ್ಡದಿರಲಿ. ಪಟ್ಟಿಯ ಉದ್ದಕ್ಕೂ ಫೆವಿಕಾಲ್ ಬಳಿದರೆ ಹಲಗೆ ಒಂದು ದಿನ ಬಿರಿಯುತ್ತದೆ.

2. ಮಕ್ಕಳ ಬರೆಯುವ ಮೇಜು

ನೆಲದ ಮೇಲೆ ಕೂತು, ಬೆನ್ನು ಬಗ್ಗಿಸಿ ಬರೆಯುವ ಮಕ್ಕಳು ನಮ್ಮಲ್ಲಿ ಬಹಳ. ಅವರಿಗೆ ಈ ಇಳಿಜಾರು ಮೇಜು ದೊಡ್ಡ ಉಪಕಾರ. ಬದಿಯ ಹಲಗೆಗಳು ಎರಡು: ಉದ್ದ 12 ಇಂಚು, ಎತ್ತರ ಮುಂದೆ 7 ಇಂಚು, ಹಿಂದೆ 9 ಇಂಚು. ಮೇಲಿನ ಹಲಗೆ 20 ಇಂಚು ಉದ್ದ, 13 ಇಂಚು ಅಗಲ. ಅಷ್ಟು ಅಗಲದ್ದು ಸಿಗದಿದ್ದರೆ ಆರೂವರೆ ಇಂಚಿನ ಎರಡು ಹಲಗೆಗಳನ್ನು ಪಕ್ಕಪಕ್ಕ ಜೋಡಿಸಿ. ಬದಿಯ ಹಲಗೆಗಳ ಹಿಂದೆ 16 ಇಂಚು ಉದ್ದದ ಅಗಲ ಹಲಗೆಯೊಂದನ್ನು ಹೊಡೆಯಿರಿ. ಅಗಲ ಹಲಗೆ ಇಲ್ಲದಿದ್ದರೆ ತೆಳು ಪಟ್ಟಿಯನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಹೊಡೆದರೂ ಆಯಿತು. ಪುಸ್ತಕ ಜಾರದಂತೆ ಮುಂದಿನ ಅಂಚಿಗೆ ಅರ್ಧ ಇಂಚಿನ ಪಟ್ಟಿ ಇರಲಿ.

3. ಗುಬ್ಬಿ ಗೂಡು

ಹಳೆಯ ಮಾಳಿಗೆಯ ಜಂತಿ ಸಂದುಗಳಲ್ಲಿ ಗುಬ್ಬಿಗಳು ನಮ್ಮ ಜೊತೆಗೇ ಸಂಸಾರ ಮಾಡುತ್ತಿದ್ದವು. ಸಿಮೆಂಟಿನ ಮನೆಯಲ್ಲಿ ಅವಕ್ಕೆ ಸಂದಿಲ್ಲ. 6 ಇಂಚು ಅಗಲ, ಮುಕ್ಕಾಲು ಇಂಚು ದಪ್ಪ, ನಾಲ್ಕೂವರೆ ಅಡಿ ಉದ್ದದ ಒಂದೇ ಹಲಗೆ ಸಾಕು. ಬೆನ್ನಿಗೆ 12 ಇಂಚು. ಮುಂಭಾಗ, ಎರಡು ಬದಿ, ಛಾವಣಿ ತಲಾ 8 ಇಂಚು. ತಳಕ್ಕೆ ನಾಲ್ಕೂವರೆ ಇಂಚು ಕತ್ತರಿಸಿ. ತಳ ನಾಲ್ಕೂ ಹಲಗೆಗಳ ಒಳಗೆ ಕೂರಬೇಕು. ಮುಂಭಾಗದಲ್ಲಿ ಕೆಳಗಿನಿಂದ ಐದೂವರೆ ಇಂಚು ಮೇಲೆ ಒಂದೂಕಾಲು ಇಂಚಿನ ತೂತು ಕೊರೆಯಿರಿ. ತಳದಲ್ಲಿ ನೀರು ಇಳಿಯಲು ಎರಡು ಸಣ್ಣ ತೂತು ಇರಲಿ. ಛಾವಣಿಗೆ ಸ್ಕ್ರೂ ಹಾಕಿದರೆ ವರ್ಷಕ್ಕೊಮ್ಮೆ ತೆಗೆದು ಸ್ವಚ್ಛ ಮಾಡಬಹುದು. ಒಳಗೆ ಬಣ್ಣ, ಎಣ್ಣೆ ಬೇಡ. ಬೆಕ್ಕಿಗೆ ಸಿಗದಂತೆ 8ರಿಂದ 10 ಅಡಿ ಎತ್ತರದಲ್ಲಿ, ನೆರಳಿನಲ್ಲಿ ತೂಗುಹಾಕಿ.

ಕೊನೆಯ ಕೆಲಸ, ಮುಖ್ಯ ಎಚ್ಚರ

ಗಟ್ಟಿಮರಕ್ಕೆ ಮೊದಲು ಸಣ್ಣ ತೂತು ಕೊರೆದೇ ಮೊಳೆ ಅಥವಾ ಸ್ಕ್ರೂ ಹಾಕಿ. ಸ್ಕ್ರೂಗೆ ತುಸು ಸಾಬೂನು ಸವರಿದರೆ ಸಲೀಸಾಗಿ ಇಳಿಯುತ್ತದೆ. ಉಪ್ಪುಕಾಗದವನ್ನು ಎಳೆಯ ಗುಂಟ ಉಜ್ಜಿ, ಅಡ್ಡ ಉಜ್ಜಬೇಡಿ. ಮಣೆ, ಮೇಜುಗಳಿಗೆ ಅಗಸೆ ಎಣ್ಣೆಯನ್ನು ತೆಳುವಾಗಿ ಹಚ್ಚಿ, 20 ನಿಮಿಷದ ನಂತರ ಒರೆಸಿ, ಕೆಲವು ದಿನ ಒಣಗಲು ಬಿಟ್ಟು ಮತ್ತೊಮ್ಮೆ ಹಚ್ಚಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ; ಮುದ್ದೆಯಾದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಬಯಲಿನಲ್ಲಿ ಹರವಿ ಒಣಗಿಸಿ.

ಉಳಿ ಹಿಡಿದಾಗ ಎರಡೂ ಕೈ ಅದರ ಬಾಯಿಯ ಹಿಂದೆಯೇ ಇರಲಿ. ಸಣ್ಣ ಮಕ್ಕಳಿಗೆ ಅಳೆಯುವುದು, ಗೆರೆ ಎಳೆಯುವುದು, ಉಜ್ಜುವುದು ಕೊಡಿ. ಹತ್ತು ಹನ್ನೆರಡು ವರ್ಷದವರು ದೊಡ್ಡವರ ಎದುರಿನಲ್ಲಿ ಗರಗಸ ಹಿಡಿಯಲಿ. ಹುಡುಗಿಯರನ್ನು ದೂರ ಇಡಬೇಡಿ.

ಪ್ರಿಯ ಓದುಗರೇ, ಮೇ 1 ಕಾರ್ಮಿಕರ ದಿನ. ಬಡಗಿಯಾಗಿ ದುಡಿದು ಮನೆ ನಡೆಸಿದ ಸಂತ ಜೋಸೆಫರ ಹಬ್ಬವನ್ನು 1955ರಲ್ಲಿ 12ನೇ ಪಿಯುಸ್ ಜಗದ್ಗುರುಗಳು ಅದೇ ದಿನಕ್ಕೆ ನೇಮಿಸಿದರು. ಮಕ್ಕಳಿಗೆ ಬೇಸಿಗೆ ರಜೆಯೂ ಅದೇ ಹೊತ್ತಿಗೆ. ಅಜ್ಜ ಕಟ್ಟಿಸಿದ ಮನೆಯ ಜಂತಿ ತುಂಡೊಂದು ನಿಮ್ಮ ಹಿತ್ತಲಲ್ಲಿ ಬಿದ್ದಿದ್ದರೆ ಒಲೆಗೆ ಹಾಕುವ ಮುನ್ನ ಒಮ್ಮೆ ತಟ್ಟಿ ನೋಡಿ. ಖಣ್ ಎಂದರೆ ಈ ರಜೆಯಲ್ಲಿ ಮನೆಮಂದಿಯೆಲ್ಲ ಸೇರಿ ಒಂದು ಮಣೆಯಿಂದ ಆರಂಭಿಸಿ.